ಷಡ್ಡಕನ ಜೊತೆ ಗಾಲ್ಫ್

ನಾನು ಕೆಲವು ಕಾಲ ಗಾಲ್ಫ್ ಆಡುತ್ತಿದ್ದೆ ಎಂದರೆ ಗೌರಿಬಿದನೂರಿನಲ್ಲಿ ಯಾರೂ ನಂಬುವುದಿಲ್ಲ. ನಂಬಿ ಎಂದು ನಾನೂ ಒತ್ತಾಯ ಮಾಡುವುದಿಲ್ಲ. ಗಾಲ್ಫ್ ಆಡುವವರಿಗೆ ಇರಬೇಕಾದ ಬಿಳಿ ಟೋಪಿ, ಬಿಳಿ ಬೂಟು, ಹಿಂದೆ ಚೀಲ ಹೊತ್ತು ನಡೆಯುವ ಆಳು, ಇವು ಯಾವುವೂ ನನಗಿರಲಿಲ್ಲ. ಪಂಚೆ ಉಟ್ಟು, ಮೇಲೊಂದು ಬನಿಯನ್ ಹಾಕಿಕೊಂಡು, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಒಂದು ಕಾಲು ಮಡಿಚಿ ಕೂತು ಆಡುತ್ತಿದ್ದೆ. ನಿಜವಾದ ಗಾಲ್ಫ್ ಮೈದಾನವನ್ನು ನೋಡಿದ್ದು ಒಂದೇ ಸಲ, ಅದೂ ಬೆಂಗಳೂರಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ. ಇಷ್ಟು ಹುಲ್ಲು ಬೆಳೆಸಿದ್ದಾರೆ, ಮೇಯುವುದಕ್ಕೆ ಒಂದು ಎಮ್ಮೆಯನ್ನೂ ಬಿಟ್ಟಿಲ್ಲವಲ್ಲ ಎಂದು ಆಗ ನನಗೆ ಹೊಟ್ಟೆ ಉರಿದಿತ್ತು. ನಾನು ಹೇಳುತ್ತಿರುವುದು ಕಂಪ್ಯೂಟರಿನೊಳಗಿನ ಗಾಲ್ಫು. ತಾಲ್ಲೂಕು ಊರುಗಳಿಗೆ ಬ್ರಾಡ್‌ಬ್ಯಾಂಡ್ ಬಂದ ಹೊಸತು. ಫೋನಿನ ತಂತಿಯಲ್ಲೇ ಇಂಟರ್‌ನೆಟ್ಟೂ ಬರುತ್ತದೆ, ಅದು ಬರುತ್ತಿರುವಾಗಲೇ ಫೋನಿನಲ್ಲಿ ಮಾತೂ ಆಡಬಹುದು ಎಂದು ಹೇಳಿದ್ದನ್ನು ಕೇಳಿ ಹಾಕಿಸಿಕೊಂಡವರಲ್ಲಿ ನಾನೂ ಒಬ್ಬ. ಏತಕ್ಕೆ ಹಾಕಿಸಿಕೊಂಡೆ ಎಂದು ಕೇಳಿದರೆ, ನನ್ನ ಷಡ್ಡಕ ಹಾಕಿಸಿಕೊಂಡಿದ್ದ ಎನ್ನುವುದು ಬಿಟ್ಟರೆ ಬೇರೆ ಕಾರಣ ನನಗೂ ಗೊತ್ತಿಲ್ಲ.

ಷಡ್ಡಕ ಎಂದರೆ ನನ್ನ ಹೆಂಡತಿ ಶಾರದೆಯ ತಂಗಿ ವಸಂತಳ ಗಂಡ, ನಾರಾಯಣಸ್ವಾಮಿ. ಚಿಂತಾಮಣಿಯಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದಾನೆ. ಮನುಷ್ಯ ಒಳ್ಳೆಯವನು. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದೆ ನಾನು ಏನು ಹೇಳಿದರೂ ಪಾಪ ತಟ್ಟುವುದಿಲ್ಲ. ಮದುವೆಯಲ್ಲಿ ನನಗಿಂತ ಹಿಂದೆ ಬಂದವನು, ಮಿಕ್ಕ ಎಲ್ಲದರಲ್ಲೂ ಮುಂದೆ ಹೋದ. ನಾನು ಮನೆ ಕಟ್ಟಿಸಿ ಮುಂದೆ ಎರಡು ಕಂಬ ನಿಲ್ಲಿಸಿದರೆ, ಅವನ ಮನೆಗೆ ನಾಲ್ಕು ಕಂಬ ಬಂದವು. ನಾನು ಮೊಬೈಲು ಕೊಂಡ ವಾರವೇ ಅವನು ಫೋಟೋ ತೆಗೆಯುವ ಮೊಬೈಲು ಕೊಂಡು, ನನ್ನ ಮೊಬೈಲಿನ ಫೋಟೋವನ್ನೇ ತೆಗೆದ. ಮಾವನ ಮನೆಯಲ್ಲಿ ಇಬ್ಬರೂ ಅಕ್ಕಪಕ್ಕ ಊಟಕ್ಕೆ ಕೂತರೆ ಯಾರ ಎಲೆಗೆ ಮೊದಲು ತುಪ್ಪ ಬಿತ್ತು ಎಂದು ನಾನು ಓರೆಗಣ್ಣಿನಲ್ಲಿ ನೋಡುತ್ತಿದ್ದೆ. ಅವನು ನೆಟ್ಟಗೇ ನೋಡುತ್ತಿದ್ದ. ಹೀಗಿರುವಾಗ, ಸಂಕ್ರಾಂತಿಗೆ ನಮ್ಮ ಅತ್ತೆ ಯಾರ ಮನೆಗೆ ಬರಬೇಕು ಎನ್ನುವ ದೊಡ್ಡ ಪ್ರಶ್ನೆಯನ್ನು ಒಂದು ಪುಟ್ಟ ಬಿಳಿ ಚೆಂಡಿನಿಂದ ತೀರ್ಮಾನ ಮಾಡುವ ಕಾಲ ಬಂತು. ಆ ಕಥೆಯನ್ನೇ ನಿಮಗೆ ಹೇಳಬೇಕೆಂದಿದ್ದೇನೆ.

ಆಟಕ್ಕೆ ನನ್ನನ್ನು ಎಳೆದವನು ಅವನೇ. ಅಂಗಡಿಯ ಲೆಕ್ಕಕ್ಕೆಂದು ತಂದ ಕಂಪ್ಯೂಟರಿನಲ್ಲಿ ವ್ಯಾಪಾರವಿಲ್ಲದ ಹೊತ್ತು ಗಾಲ್ಫ್ ಆಡಿ ಕಲಿತು, ಇಂಟರ್‌ನೆಟ್ಟಿನಲ್ಲಿ ಕೂಡಿ ಆಡಲು ನನಗೂ ಆಹ್ವಾನ ಕಳಿಸಿದ. ಪರದೆಯ ಮೇಲೆ ಹಸಿರು ಮೈದಾನ, ದೂರದಲ್ಲಿ ಒಂದು ಗುಳಿ, ಗುಳಿಯಲ್ಲಿ ಬಾವುಟ, ನಡುವೆ ಮರಳಿನ ಹೊಂಡ, ಕೊಳ. ಚೆಂಡನ್ನು ಕಡಿಮೆ ಹೊಡೆತದಲ್ಲಿ ಗುಳಿಗೆ ಹಾಕಿದವನು ಗೆದ್ದ. ಹೊಡೆಯಲು ಒಂದಷ್ಟು ಕೋಲುಗಳಿರುತ್ತವೆ, ಅವುಗಳಿಗೆ ಕ್ಲಬ್ ಎನ್ನುತ್ತಾರೆ. ಕೆಲವಕ್ಕೆ ಐರನ್ ಎಂದು ಹೆಸರು, ಜೊತೆಗೆ ನಂಬರು: ಮೂರನೆಯ ಐರನ್, ಐದನೆಯದು, ಏಳು, ಎಂಟು, ಒಂಬತ್ತು. ನಾನೋ ವಿದ್ಯುತ್ ಕಚೇರಿಯಲ್ಲಿ ರೈತರ ಪಂಪ್‌ಸೆಟ್ ವಿಭಾಗದ ಗುಮಾಸ್ತ. ಬೆಳಗಾದರೆ ಮೂರು ಎಚ್‌ಪಿ, ಐದು ಎಚ್‌ಪಿ, ಏಳೂವರೆ ಎಚ್‌ಪಿ, ಇದೇ ಜಪ. ನಮ್ಮ ಕಡೆ ನೀರು ಕೆಳಗೆ ಹೋದಂತೆಲ್ಲ ಮೋಟಾರಿನ ನಂಬರು ಮೇಲೆ ಹೋಗುತ್ತದೆ. ಹಾಗಾಗಿ ಒಂಬತ್ತನೆಯ ಐರನ್ ಎಂದರೆ ಒಂಬತ್ತು ಎಚ್‌ಪಿ ಎಂದು ನನಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಬಾವುಟ ದೂರ ಇದ್ದರೆ ಒಂಬತ್ತು, ಹತ್ತಿರ ಇದ್ದರೆ ಮೂರು. ಡ್ರೈವರ್ ಎಂಬುದೊಂದಿತ್ತು, ಅದಕ್ಕೆ ನಂಬರೇ ಇರಲಿಲ್ಲ. ನಂಬರಿಲ್ಲದ ಯಾವುದನ್ನೂ ಕಚೇರಿಯಲ್ಲಿ ಕೆಲಸ ಮಾಡಿದವರು ಮುಟ್ಟುವುದಿಲ್ಲ, ನಾನೂ ಮುಟ್ಟಲಿಲ್ಲ.

ಮೊದಲ ಆಟದಲ್ಲೇ ಒಂಬತ್ತನ್ನು ಹಿಡಿದು, ಇರುವ ಶಕ್ತಿಯನ್ನೆಲ್ಲ ಬಿಟ್ಟು ಹೊಡೆದೆ. ಚೆಂಡು ಆಕಾಶಕ್ಕೆ ಹೋಯಿತು. ನೆಟ್ಟಗೆ ಮೇಲಕ್ಕೆ. ಸ್ವಲ್ಪ ಹೊತ್ತು ಅಲ್ಲಿನ ಹವೆ ತಿಂದು, ಹತ್ತಿರದಲ್ಲೇ ಎಲ್ಲೋ ಬಂದು ಬಿತ್ತು. ನಾರಾಯಣಸ್ವಾಮಿ ತಕ್ಷಣ ಫೋನು ಮಾಡಿದ. ಅವರ ಕಡೆ ಬಾಯಿಗೆ ಕನ್ನಡ ಬಂದರೆ ಹಿಂದೆಯೇ ತೆಲುಗೂ ಬರುತ್ತದೆ. "ಏಮನ್ನಾ, ಬಾಲು ಕಾಲ ಹತ್ರಾನೇ ಬಿತ್ತಲ್ಲ. ಅಲ್ಲೇ ಬೋರ್‌ವೆಲ್ ಹಾಕಿಸ್ತೀರಾ?" ಎಂದು ಕೇಳಿದ. ಅವನನ್ನು ಕೇಳಿದ್ದರೆ ಅವನು ಹೇಳಿಕೊಡುತ್ತಿದ್ದನೇನೋ. ಆದರೆ ಷಡ್ಡಕನನ್ನು ಕೇಳಿ ಕಲಿಯುವುದಕ್ಕಿಂತ ಸೋಲುವುದು ಮರ್ಯಾದೆ ಎಂದು ನಾನು ಸೋಲುತ್ತಲೇ ಹೋದೆ. ಲೋ ವೋಲ್ಟೇಜ್ ಇದ್ದಾಗ ದೊಡ್ಡ ಮೋಟಾರೂ ನೀರೆತ್ತುವುದಿಲ್ಲ, ಇದೂ ಹಾಗೇ ಏನೋ ಇರಬೇಕೆಂದು ಸಮಾಧಾನ ಮಾಡಿಕೊಂಡೆ. ಕೊನೆಗೊಂದು ದಿನ ಬಾವುಟದ ಪಕ್ಕದಲ್ಲೇ ಬಿದ್ದಿದ್ದ ಚೆಂಡನ್ನು ಮೆಲ್ಲಗೆ ಗುಳಿಗೆ ತಳ್ಳೋಣವೆಂದು ಬಡಪಾಯಿ ಮೂರನೆಯ ಐರನ್ ಹಿಡಿದೆ. ಚೆಂಡು ಬಾವುಟ ದಾಟಿ, ಮರ ದಾಟಿ, ಕೊಳ ದಾಟಿ, ಪರದೆಯಿಂದಲೇ ಆಚೆ ಹೋಯಿತು. ಆಗ ನನಗೆ ಜ್ಞಾನೋದಯವಾಯಿತು. ಇಲ್ಲಿ ನಂಬರು ಕಮ್ಮಿಯಾದಷ್ಟೂ ದೂರ, ಜಾಸ್ತಿಯಾದಷ್ಟೂ ಎತ್ತರ. ನಂಬರಿಲ್ಲದ ಡ್ರೈವರು ಎಲ್ಲರಿಗಿಂತ ದೊಡ್ಡಣ್ಣ. ಮಾರನೆಯ ದಿನ ಕಚೇರಿಯಲ್ಲಿ ರೈತರೊಬ್ಬರು ಬಂದು ಏಳೂವರೆ ಎಚ್‌ಪಿ ಬೇಕು ಎಂದಾಗ, ಮೂರು ಸಾಕಾಗಲ್ವೇನ್ರೀ ಎಂದು ಕೇಳಿಬಿಟ್ಟೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿದರು.

ಇಷ್ಟು ಹೊತ್ತಿಗೆ ಅವರೆಕಾಯಿ ಕಾಲ ಬಂತು. ನಮ್ಮ ಸೀಮೆಯಲ್ಲಿ ಚಳಿಗಾಲ ಎನ್ನುವುದು ಅವರೆಕಾಯಿಯ ಸೊಗಡಿನ ಇನ್ನೊಂದು ಹೆಸರು. ಅತ್ತೆಯವರದು ವಿದುರಾಶ್ವತ್ಥ. ಮಗನ ಸಂಸಾರದ ಜೊತೆ ಇದ್ದಾರೆ, ಹೊಲದಲ್ಲಿ ಅವರೆ ಬೆಳೆಯುತ್ತಾರೆ. ಪ್ರತಿ ವರ್ಷ ಸಂಕ್ರಾಂತಿಯ ಹೊತ್ತಿಗೆ ಒಂದು ಚೀಲ ಅವರೆಕಾಯಿಯೊಡನೆ ಯಾರಾದರೂ ಒಬ್ಬ ಮಗಳ ಮನೆಗೆ ಬಂದು ಕೆಲವು ದಿನ ಇದ್ದು ಹೋಗುವುದು ಅವರ ಪದ್ಧತಿ. ಅವರು ಬಂದರೆಂದರೆ ಕಾಳು ನೆನೆಹಾಕುವುದು, ಮನೆಮಂದಿಯೆಲ್ಲ ಸುತ್ತ ಕೂತು ಒಂದೊಂದೇ ಕಾಳನ್ನು ಹಿದುಕಿ ಸಿಪ್ಪೆಯಿಂದ ಬೇಳೆ ಹಾರಿಸುವುದು, ಆಮೇಲೆ ಆ ಹಿದುಕಿದ ಬೇಳೆಯ ಸಾರು, ಬಿಸಿ ಮುದ್ದೆ. ಆ ಸಾರನ್ನು ವರ್ಣಿಸಲು ಹೋದರೆ ಈ ಪ್ರಬಂಧ ಇಲ್ಲೇ ನಿಂತುಹೋಗುತ್ತದೆ. ಮಾವನವರಿದ್ದಾಗ ಒಂದು ವರ್ಷ ನಮ್ಮಲ್ಲಿಗೆ, ಒಂದು ವರ್ಷ ಚಿಂತಾಮಣಿಗೆ ಅವರೇ ಕರೆತಂದು ಬಿಟ್ಟು ಹೋಗುತ್ತಿದ್ದರು. ಅವರು ತೀರಿಕೊಂಡ ಮೇಲೆ ಎರಡು ಸಲವೂ ಅತ್ತೆ ಚಿಂತಾಮಣಿಗೇ ಹೋದರು.

ವಿದುರಾಶ್ವತ್ಥ ನಮ್ಮ ಊರಿಗೆ ಇಲ್ಲೇ ಇದೆಯಲ್ಲ, ಬೇಕೆನಿಸಿದಾಗ ಹೋಗಿ ನೋಡಿ ಬರಬಹುದಲ್ಲ ಎಂದು ನೀವು ಕೇಳಬಹುದು. ನಾನೂ ಶಾರದೆಯನ್ನು ಹಾಗೇ ಕೇಳಿದೆ. ಅವಳು ಸಂತೆಯಿಂದ ತಂದ ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು. "ನಾನು ಹೋಗಿ ಬರೋದು ಬೇರೆ ರೀ, ಅಮ್ಮ ಬಂದು ಇರೋದು ಬೇರೆ. ಅಪ್ಪ ಹೋದ್ಮೇಲೆ ಅಮ್ಮ ನಮ್ಮನೇಲಿ ಒಂದು ಹಬ್ಬ ಮಾಡಿಲ್ಲ. ನಾನೇನು ಕಮ್ಮಿ ಮಾಡಿದ್ದೀನಿ ಅವಳಿಗೆ?" ಎಂದಳು. ಹಾಗಾದರೆ ಬಾಯಿ ಬಿಟ್ಟು ಕರೆಯಬಾರದೇ ಎಂದರೆ, ತಾನು ದೊಡ್ಡವಳು, ತಾನು ಎಳೆದುಕೊಂಡರೆ ವಸಂತಳಿಗೆ ಬೇಸರವಾಗುತ್ತದೆ ಎಂದು ಇನ್ನೂ ಏನೋ ಹೇಳಲು ಹೋಗಿ, ನನ್ನ ಮುಖವನ್ನೊಮ್ಮೆ ನೋಡಿ, ಸುಮ್ಮನಾದಳು. ಕಣ್ಣು ಒದ್ದೆಯಾಗಿತ್ತು. ನನಗೆ ಸಂಕಟವಾಯಿತು. ಶಾರದೆ ಸುಲಭಕ್ಕೆ ಅಳುವ ಹೆಂಗಸಲ್ಲ. ಈ ವರ್ಷ ಅತ್ತೆಯನ್ನು ನಮ್ಮ ಮನೆಗೆ ತಂದೇ ತರಬೇಕೆಂದು ಅವತ್ತೇ ನಿಶ್ಚಯ ಮಾಡಿದೆ.

ನಿಶ್ಚಯ ಮಾಡಿದವನು ಏನು ಮಾಡಬೇಕು? ನಾನು ನಾರಾಯಣಸ್ವಾಮಿಗೆ ಫೋನು ಮಾಡಿದೆ. ಎರಡು ವರ್ಷ ನಿಮ್ಮಲ್ಲಿಗೆ ಬಂದರಲ್ಲ, ಈ ಸಲ ಬಿಟ್ಟುಕೊಡಿ ಎಂದೆ. ಅವನು ನಕ್ಕು, ತಾನು ಬಿಟ್ಟುಕೊಟ್ಟರೂ ತನ್ನ ಬಾಯಿ ಆ ಸಾರನ್ನು ಬಿಟ್ಟುಕೊಡುವುದಿಲ್ಲ, ಬೇಕಾದರೆ ಆಟದಲ್ಲೇ ನೋಡಿಕೊಳ್ಳೋಣ, ಹಬ್ಬದ ಹಿಂದಿನ ಭಾನುವಾರ ಮಧ್ಯಾಹ್ನ ಒಂದು ಆಟ, ಗೆದ್ದವರ ಮನೆಗೆ ಅತ್ತೆ ಎಂದ. ನಾನು ಆಗಲಿ ಎಂದುಬಿಟ್ಟೆ. ಈಗ ಯೋಚಿಸಿದರೆ ಇಬ್ಬರು ಹಿರಿಯ ಗೃಹಸ್ಥರು ಆಡುವ ಮಾತಲ್ಲ ಇದು ಅನ್ನಿಸುತ್ತದೆ. ಆಗ ಅನ್ನಿಸಲಿಲ್ಲ.

ತೊಂದರೆಯೆಂದರೆ, ಕೋಲಿನ ಗುಟ್ಟು ತಿಳಿದ ಮೇಲೂ ನಾನು ಸೋಲುತ್ತಿದ್ದೆ. ನನ್ನ ಚೆಂಡು ಬಾವುಟದ ಹತ್ತಿರ ಬಿದ್ದರೂ ನಿಲ್ಲದೆ ಉರುಳಿಕೊಂಡು ಹೋಗಿ ಮರಳಿಗೆ ಬೀಳುತ್ತಿತ್ತು. ಅವನ ಚೆಂಡು ಬಾವುಟ ದಾಟಿ ಆಚೆ ಬಿದ್ದು, ಏನೋ ಮರೆತವರಂತೆ ಹಿಂದಕ್ಕೆ ಬರುತ್ತಿತ್ತು. ಚಿಂತಾಮಣಿಯಲ್ಲಿ ಏನಾದರೂ ನೆಲ ಇಳಿಜಾರಾಗಿದೆಯೇ ಎಂದು ಕೂಡ ಯೋಚಿಸಿದೆ. ಅವನಿಗೂ ನನ್ನ ಮೇಲೆ ಅನುಮಾನವಿತ್ತು. ಒಂದು ಸಲ ಅವನು ಗೆಲ್ಲುವ ಹೊತ್ತಿಗೆ ಅವರ ಊರಿನಲ್ಲಿ ಕರೆಂಟು ಹೋಯಿತು. ಅದನ್ನು ಗೌರಿಬಿದನೂರಿನಲ್ಲಿ ಕೂತು ತೆಗೆಸಿದವನು ನಾನೇ ಎಂದು ವಸಂತಳ ಹತ್ತಿರ ಹೇಳಿದನಂತೆ. ನನ್ನ ಮನೆಯ ಬೀದಿದೀಪ ಕೆಟ್ಟರೆ ನಾನೂ ಎಲ್ಲರಂತೆ ಅರ್ಜಿ ಕೊಟ್ಟು ಕಾಯುವವನು ಎಂದು ಅವನಿಗೆ ಹೇಳಲು ಹೋಗಲಿಲ್ಲ. ಷಡ್ಡಕ ನನ್ನನ್ನು ಅಷ್ಟು ದೊಡ್ಡ ಮನುಷ್ಯ ಎಂದುಕೊಂಡಿದ್ದರೆ ನಾನೇಕೆ ತಪ್ಪಿಸಲಿ?

ಆ ಹಿಂದಕ್ಕೆ ಬರುವ ಚೆಂಡಿನ ಗುಟ್ಟು ನಮ್ಮ ಮನೆಯಲ್ಲೇ, ನನ್ನ ಕಣ್ಣ ಮುಂದೆಯೇ ಇತ್ತು. ಆಯುಧಪೂಜೆಯ ದಿನ ಶಾರದೆ ಮಿಕ್ಸಿ, ಹೊಲಿಗೆ ಮಿಷನ್ನು, ನನ್ನ ಸ್ಕೂಟರು ಎಲ್ಲಕ್ಕೂ ಅರಿಶಿನ ಕುಂಕುಮ ಇಟ್ಟಂತೆ ಕಂಪ್ಯೂಟರಿನ ಪರದೆಗೂ ಇಟ್ಟಿದ್ದಳು. ಒಂದು ಕಡೆಗಲ್ಲ, ನಾಲ್ಕು ಮೂಲೆಗೂ. ಆಟದಲ್ಲಿ ಪರದೆಯ ಬಲಗಡೆಯ ಕೆಳಮೂಲೆಯಲ್ಲಿ ಒಂದು ಚೆಂಡಿನ ಚಿತ್ರ ಇರುತ್ತದೆ. ಅದರ ಹಣೆಯ ನಡುವೆ ಒಂದು ಕೆಂಪು ಚುಕ್ಕೆ. ಅದು ಕುಂಕುಮ ಎಂದೇ ನಾನು ತಿಳಿದಿದ್ದೆ. ಚೆಂಡಿಗೆ ಎಷ್ಟು ಸರಿಯಾಗಿ ಬಿದ್ದಿದೆ ಎಂದು ಒಂದೆರಡು ಸಲ ಸಂತೋಷವನ್ನೂ ಪಟ್ಟಿದ್ದೆ. ಪೂಜೆಯ ಕುಂಕುಮ, ತಾನಾಗಿ ಹೋಗುವ ತನಕ ಮುಟ್ಟುವುದು ಬೇಡ ಎಂದು ಆ ಮೂಲೆಯ ಕಡೆಗೆ ಮೌಸನ್ನೂ ಒಯ್ಯುತ್ತಿರಲಿಲ್ಲ. ಸಂಕ್ರಾಂತಿ ಹತ್ತಿರ ಬಂತೆಂದು ಶಾರದೆ ಮನೆಯ ಧೂಳು ತೆಗೆಯುತ್ತಾ, ನಾನು ಆಡುತ್ತಿರುವಾಗಲೇ ಒದ್ದೆ ಬಟ್ಟೆ ತಂದು ಪರದೆ ಒರೆಸಿದಳು. ಮೂರು ಮೂಲೆಯ ಕುಂಕುಮ ಹೋಯಿತು. ನಾಲ್ಕನೆಯದರಲ್ಲಿ ಒಂದು ಚುಕ್ಕೆ ಮಾತ್ರ ಹೋಗಲಿಲ್ಲ. ಅವಳು ಉಗುರಿನಿಂದ ಕೆರೆದಳು, ಹೋಗಲಿಲ್ಲ. ಸಾಕು ಬಿಡೇ ಎಂದು ನಾನು ಅವಳ ಕೈ ಸರಿಸಲು ಹೋಗಿ ಇನ್ನೊಂದು ಕೈಯಲ್ಲಿದ್ದ ಮೌಸನ್ನು ಅಲ್ಲಿಗೇ ಎಳೆದು ಒತ್ತಿಬಿಟ್ಟೆ. ಚುಕ್ಕೆ ಅವಳ ಬೆರಳಿನಡಿಯಿಂದ ಸರಿದು ಚೆಂಡಿನ ಬುಡಕ್ಕೆ ಹೋಗಿ ಕೂತಿತು. ಶಾರದೆ ಕೈ ಕಿತ್ತುಕೊಂಡು, ತಿಗಣೆ ಕಣ್ರೀ, ಕಂಪ್ಯೂಟರಿಗೂ ತಿಗಣೆ ಬಿದ್ದಿದೆ ಎಂದಳು.

ಆ ಚುಕ್ಕೆಯನ್ನು ಅಲ್ಲೇ ಬಿಟ್ಟು ಹೊಡೆದೆ. ಚೆಂಡು ಬಿತ್ತು, ನಿಂತಿತು, ಹಿಂದಕ್ಕೆ ಬಂತು. ಚಿಕ್ಕಂದಿನಲ್ಲಿ ಗೋಲಿಯನ್ನು ಬೆರಳಿನಡಿ ಒತ್ತಿ ಚಿಮ್ಮಿಸಿದರೆ ಮುಂದೆ ಹೋದಂತೆ ಮಾಡಿ ವಾಪಸು ಬರುತ್ತಿತ್ತಲ್ಲ, ಅದೇ ಇದು. ಚುಕ್ಕೆ ಚೆಂಡಿನ ಬುಡದಲ್ಲಿದ್ದರೆ ಹಿಂದಕ್ಕೆ ತಿರುಗುತ್ತದೆ, ನೆತ್ತಿಯಲ್ಲಿದ್ದರೆ ಮುಂದಕ್ಕೆ ಓಡುತ್ತದೆ, ಪಕ್ಕದಲ್ಲಿದ್ದರೆ ವಾರೆಯಾಗಿ ಹೋಗುತ್ತದೆ. ಇದಕ್ಕೆ ಸ್ಪಿನ್ ಎಂದು ಹೆಸರು. ಅವತ್ತಿನಿಂದ ನಾನು ಎಲ್ಲದಕ್ಕೂ ಸ್ಪಿನ್ ಹಾಕತೊಡಗಿದೆ. ಬೇಕಾದ ಕಡೆಗೂ ಹಾಕಿದೆ, ಬೇಡದ ಕಡೆಗೂ ಹಾಕಿದೆ. ಚೆಂಡು ಬಾವುಟದ ಬುಡಕ್ಕೆ ಹೋಗಿ, ಅಲ್ಲಿಂದ ಹಿಂದಕ್ಕೆ ಬಂದು ಕೊಳಕ್ಕೆ ಬಿದ್ದದ್ದೂ ಉಂಟು. ಹೊಸದಾಗಿ ಕಲಿತದ್ದನ್ನು ಮಿತವಾಗಿ ಬಳಸಲು ಬೇರೆ ವಿದ್ಯೆಯೇ ಬೇಕು. ಆದರೆ ಭಾನುವಾರದ ಹೊತ್ತಿಗೆ ಕೈ ಒಂದಿಷ್ಟು ಹದಕ್ಕೆ ಬಂದಿತ್ತು. ನಾರಾಯಣಸ್ವಾಮಿಗೆ ಇದರ ಸುಳಿವು ಕೊಡಲಿಲ್ಲ.

ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಕೂತೆ. ಶಾರದೆ ಯಾವತ್ತೂ ಆಟದ ಕಡೆ ನೋಡದವಳು, ಅವತ್ತು ಬಂದು ಹಿಂದೆ ಸ್ಟೂಲು ಹಾಕಿಕೊಂಡು ಕೂತಳು. ನಾನೊಂದು ಗುಳಿ ಗೆದ್ದರೆ ಅವನೊಂದು ಗೆದ್ದ. ಹೀಗೆ ಸಮನಾಗಿ ಬಂದು ಕೊನೆಯ ಗುಳಿಗೆ ನಿಂತೆವು. ಬಾವುಟದ ಮುಂದೆ ಕೊಳ, ಹಿಂದೆ ಮರಳು, ನಡುವೆ ಚಾಪೆಯಷ್ಟು ಹುಲ್ಲು. ಅವನು ಮೊದಲು ಹೊಡೆದು ಹುಲ್ಲಿನ ಮೇಲೇ ಹಾಕಿದ. ನನ್ನ ಸರದಿ ಬಂತು. ಗಾಳಿ ಎದುರಿಗಿತ್ತು. ಎಂಟನೆಯದು ಸಾಕು ಎಂದು ಲೆಕ್ಕ ಹೇಳುತ್ತಿತ್ತು, ಗಾಳಿಗೆ ಇನ್ನೊಂದಷ್ಟು ಬಲ ಬೇಕೆಂದು ಏಳನೆಯದನ್ನು ಹಿಡಿದೆ. ಚುಕ್ಕೆಯನ್ನು ಚೆಂಡಿನ ಬುಡಕ್ಕೆ ಇಳಿಸಿದೆ. ದೇವರನ್ನು ನೆನೆದು ಹೊಡೆದೆ. ಚೆಂಡು ಕೊಳ ದಾಟಿತು, ಬಾವುಟವನ್ನೂ ದಾಟಿತು, ಮರಳಿನ ಅಂಚಿಗೆ ಬಿದ್ದಿತು. ಶಾರದೆ ಅಯ್ಯೋ ಎಂದಳು. ಅಲ್ಲಿ ಒಂದು ಕ್ಷಣ ನಿಂತು, ಮೆಲ್ಲಗೆ ಹಿಂದಕ್ಕೆ ಹೊರಟು, ಬಂದು, ಬಂದು, ಗುಳಿಯ ಬಾಯಲ್ಲಿ ನಿಂತಿತು. ಅದನ್ನು ನೋಡಿ ನಾರಾಯಣಸ್ವಾಮಿಗೆ ಏನಾಯಿತೋ, ಹತ್ತಿರದ ಹೊಡೆತವನ್ನೇ ತಪ್ಪಿಸಿದ. ನಾನು ಮುಟ್ಟಿದೆನೋ ಇಲ್ಲವೋ ಎಂಬಂತೆ ಚೆಂಡನ್ನು ತಳ್ಳಿದೆ, ಅದು ಉರುಳತೊಡಗಿತು, ಕರೆಂಟು ಹೋಯಿತು.

ಫೋನು ಸತ್ತಿರಲಿಲ್ಲ. ಚಿಂತಾಮಣಿಗೆ ಫೋನು ಮಾಡಿ, ಬಿತ್ತೇನಯ್ಯ ಎಂದು ಕೇಳಿದೆ. ಇಲ್ಲ ಎಂದು ಹೇಳಿದ್ದರೆ ನಾನು ನಂಬಲೇಬೇಕಿತ್ತು. "ಬಿತ್ತಣ್ಣಾ. ನೀವೇ ಗೆದ್ರಿ. ಆ ಸ್ಪಿನ್ ಯಾವಾಗ ಕಲಿತ್ರಿ, ಒಂದು ಮಾತು ಹೇಳ್ಲಿಲ್ಲ" ಎಂದ. ಅವನು ಒಳ್ಳೆಯ ಮನುಷ್ಯ ಎಂದು ಮೊದಲೇ ಹೇಳಿದೆನಲ್ಲ, ಅದನ್ನು ಆ ಕ್ಷಣ ನಾನೂ ನಂಬಿದೆ. ಶಾರದೆ ಎದ್ದು ಕಾಫಿಗೆ ಹಾಲು ಇಟ್ಟಳು. ಹಾಲು ಇಡುತ್ತಾ ಏನೋ ಗುನುಗುತ್ತಿದ್ದಳು. ಅದನ್ನು ಕೇಳಿ ನನಗೆ ತಡೆಯಲಾಗಲಿಲ್ಲ, ಅದೇ ಬಿಸಿಯಲ್ಲಿ ವಿದುರಾಶ್ವತ್ಥಕ್ಕೂ ಫೋನು ಮಾಡಿದೆ. ಈ ಸಲ ನೀವು ನಮ್ಮ ಮನೆಗೇ ಅತ್ತೆ, ಗೆದ್ದುಬಿಟ್ಟೆ ಎಂದೆ. ಏನು ಗೆದ್ದಿರಿ ಎಂದು ಕೇಳಿದರು. ಅಷ್ಟಕ್ಕೆ ಬಿಡಬಹುದಿತ್ತು. ಆದರೆ ಏಳನೆಯ ಐರನ್ನು, ಎದುರುಗಾಳಿ, ಕೆಂಪು ಚುಕ್ಕೆ, ಹಿಂದಕ್ಕೆ ಬಂದ ಚೆಂಡು, ಎಲ್ಲವನ್ನೂ ಬಿಡಿಸಿ ಹೇಳಿದೆ. ಅತ್ತೆ ಪೂರ್ತಿ ಕೇಳಿದರು.

"ಅಲ್ಲಪ್ಪಾ, ನಮ್ಮೂರಿನ ಅಶ್ವತ್ಥದ ಮರ ನೆಟ್ಟೋರು ಯಾರು ಅಂತ ಗೊತ್ತಲ್ಲ ನಿಮಗೆ?" ಎಂದರು.

ಗೊತ್ತು ಅತ್ತೆ, ವಿದುರ ಎಂದೆ.

"ಆಟದಲ್ಲಿ ಮನೆ ಹೆಣ್ಣನ್ನ ಪಣಕ್ಕಿಡಬೇಡಿ ಅಂತ ತುಂಬಿದ ಸಭೇಲಿ ಬಾಯಿ ಬಾಯಿ ಬಡ್ಕೊಂಡೋರು. ಅಂಥೋರ ಊರಿನವಳನ್ನೇ ಇಟ್ಟು ಆಡಿದ್ದೀರಲ್ಲಪ್ಪಾ ಇಬ್ರೂ."

ಅತ್ತೆ ಮುಂದುವರಿಸಿದರು. "ಗೆದ್ದೋರ ಮನೆಗೆ ಹೋಗೋಕೆ ನಾನೇನು ಬಹುಮಾನಾನಾ? ನಿಮ್ಮ ಮಾವ ಇದ್ದಾಗ ಅವರ ಹಿಂದೆ ಬರ್ತಿದ್ದೆ. ಈಗ ಅಳಿಯ ಕರೆದರೆ ತಾನೇ ನಾನು ಬರೋದು? ಚಿಂತಾಮಣಿಯೋರು ಎರಡು ವರ್ಷಾನೂ ಫೋನ್ ಮಾಡಿ, ಅತ್ತೆ ಬನ್ನಿ ಅಂದ್ರು, ಹೋದೆ. ನೀವು ಯಾವತ್ತಾದ್ರೂ ಕರೆದಿದ್ದೀರಾ?"

ಯೋಚಿಸಿದೆ. ಕರೆದಿರಲಿಲ್ಲ. ಅತ್ತೆ ಎನ್ನುವುದು ಶಾರದೆಯ ಇಲಾಖೆ, ಅದರಲ್ಲಿ ನಾನು ಕೈ ಹಾಕಬಾರದು ಎಂದು ತಿಳಿದಿದ್ದೆ.

"ಕರೀರಿ ಮತ್ತೆ," ಎಂದರು ಅತ್ತೆ.

"ಅತ್ತೆ, ಸಂಕ್ರಾಂತಿಗೆ ನಮ್ಮನೆಗೆ ಬನ್ನಿ," ಎಂದೆ. ನಡುವಯಸ್ಸಿನವನ ದನಿ ಶಾಲೆಯಲ್ಲಿ ಪಾಠ ಒಪ್ಪಿಸುವವನಂತೆ ಬಂತು.

"ಬರ್ತೀನಪ್ಪಾ. ಅವರೆಕಾಯಿ ಕೀಳಿಸಿ ಆಯ್ತು, ಚೀಲ ಕಟ್ಟೋದೊಂದೇ. ಚಿಂತಾಮಣಿಯೋರನ್ನೂ ಕರೀರಿ, ಎಲ್ಲಾರೂ ಸೇರಿ ಮಾಡಣ."

ಫೋನಿಟ್ಟು ತಿರುಗಿದರೆ ಶಾರದೆ ಕಾಫಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನಾನು ಕರೆಯಬೇಕಿತ್ತೆಂದು ನಿನಗೆ ಗೊತ್ತಿತ್ತಲ್ಲ, ಮೊದಲೇ ಹೇಳಬಾರದಿತ್ತೇ ಎಂದು ಕೇಳಿದೆ. "ನಾನು ಹೇಳಿ ನೀವು ಕರೆದರೆ, ಅದು ನೀವು ಕರೆದ ಹಾಗಾಗುತ್ತಾ?" ಎಂದು ಲೋಟ ಕೊಟ್ಟು ಒಳಗೆ ಹೋದಳು. ಕೋಪವೇನೂ ಇರಲಿಲ್ಲ. ಕಾಫಿಗೆ ಸಕ್ಕರೆ ಒಂದು ಚೂರು ಜಾಸ್ತಿಯೇ ಬಿದ್ದಿತ್ತು.

ಆ ಸಂಕ್ರಾಂತಿಯಲ್ಲಿ ನಮ್ಮ ಮನೆಯ ನಡುಮನೆ ತುಂಬ ಜನ. ಅತ್ತೆ ಪರಾತ ಮುಂದಿಟ್ಟುಕೊಂಡು ನಡುವೆ ಕೂತಿದ್ದರು. ಅಕ್ಕತಂಗಿಯರು ಅವರ ಎರಡು ಪಕ್ಕ ಒತ್ತಿಕೊಂಡು, ಯಾರದೋ ಮದುವೆಯ ವಿಷಯ ಮಾತಾಡಿ ಬಿದ್ದು ಬಿದ್ದು ನಗುತ್ತಿದ್ದರು. ಶಾರದೆ ಹಾಗೆ ನಕ್ಕದ್ದನ್ನು ನಾನು ನೋಡಿ ಬಹಳ ಕಾಲವಾಗಿತ್ತು. ನಾರಾಯಣಸ್ವಾಮಿ ಮತ್ತು ನಾನು ಎದುರಿಗೆ ಕೂತು ಕಾಳು ಹಿದುಕಿದೆವು. ಕೊನೆಯ ಗುಳಿಯಲ್ಲಿ ಏನಾಯಿತೆಂದರೆ ಎಂದು ನಾನು ಶುರುಮಾಡಿದಾಗಲೆಲ್ಲ ಅತ್ತೆ ಒಂದು ಬೊಗಸೆ ಕಾಳು ತೆಗೆದು ನನ್ನ ಮುಂದೆ ಹಾಕುತ್ತಿದ್ದರು. ಷಡ್ಡಕ ತುಟಿ ಬಿಚ್ಚಲಿಲ್ಲ, ಅವನ ಮುಂದಿನ ಕಾಳು ಬೇಗ ಮುಗಿಯಿತು. ಸಾರು ಹೇಗಿತ್ತು ಎಂದು ಕೇಳಬೇಡಿ, ಹೇಳಲು ಬರುವುದಿಲ್ಲ. ಆದರೆ ಗೆದ್ದವನು ನಾನು. ಮನೆಯಲ್ಲಿ ಇವತ್ತಿಗೂ ಇದನ್ನು ಪೂರ್ತಿ ಹೇಳಲು ಬಿಟ್ಟಿಲ್ಲ. ಅದಕ್ಕೇ ನಿಮ್ಮನ್ನು ನಾನೇ ಬಾಯಿ ಬಿಟ್ಟು ಕರೆದು, ಕೂರಿಸಿಕೊಂಡು ಹೇಳಬೇಕಾಯಿತು.